‘ಗ್ಯಾಸ್ ಮುಗಿದಿದೆ ಸಾಹೇಬರೇ’ ಎಂದವನಿಗೆ ಹಣ ಬಿಚ್ಚುವ ಮೊದಲು ಓದಿ

ವಿಜಯಪುರದಲ್ಲಿ ಕಾರಿನ ಏಸಿ ರಿಪೇರಿಗೆ ಹೊರಟವರು ದಯವಿಟ್ಟು ಇದನ್ನು ಓದಿ. ಗ್ಯಾರೇಜಿನ ಹೆಸರು ಹಾಕುವುದಿಲ್ಲ. ಇಂಥವು ಊರಿಗೊಂದು ಇರುತ್ತವೆ.

ನನ್ನ ಕಾರಿನ ತೊಂದರೆ ಇಷ್ಟೇ: ಓಡುವಾಗ ತಂಪು, ನಿಂತರೆ ಬಿಸಿಗಾಳಿ. ಕೊಲ್ಹಾರ ಸೇತುವೆಯ ಮೇಲೆ ಹಾಯಾಗಿದ್ದ ಏಸಿ ಗಾಂಧಿ ಚೌಕದ ದಟ್ಟಣೆಯಲ್ಲಿ ಕೈಕೊಡುತ್ತಿತ್ತು. ಅದೂ 40 ಡಿಗ್ರಿ ಬಿಸಿಲಿನಲ್ಲಿ. ಗ್ಯಾರೇಜಿನವನಿಗೆ ಇದನ್ನೇ ಬಿಡಿಸಿ ಹೇಳಿದೆ. ಓಡುವಾಗ ತಂಪು, ನಿಂತಾಗ ಬಿಸಿ ಎಂದು ಮತ್ತೆ ಮತ್ತೆ ಹೇಳಿದೆ. ಆತ ಪೂರ್ತಿ ಕೇಳಲೇ ಇಲ್ಲ. “ಗ್ಯಾಸ್ ಮುಗಿದಿದೆ ಸಾಹೇಬರೇ, ಬೇಸಿಗೆಯಲ್ಲಿ ಎಲ್ಲರದೂ ಮುಗಿಯುತ್ತದೆ.”

ಗ್ಯಾಸಿನ ಒತ್ತಡ ಅಳೆಯುವ ಎರಡು ಮೀಟರ್ ಸಿಕ್ಕಿಸಿದ. ಕೆಂಪು ಮೀಟರಿನ ಮುಳ್ಳು ಸರ್ರನೆ ಮೇಲೇರಿತು. “ನೋಡಿ, ಗ್ಯಾಸ್ ಕೆಟ್ಟಿದೆ” ಎಂದು ನನಗೇ ತೋರಿಸಿದ! ಮುಗಿದದ್ದು ಕೆಡುವುದು ಹೇಗೆ ಎಂದು ಕೇಳಿದರೆ, “ನಿಮಗೆ ತಿಳಿಯುವುದಿಲ್ಲ ಬಿಡಿ” ಎಂದು ನಕ್ಕ. ಇದ್ದ ಗ್ಯಾಸಿನ ಮೇಲೆಯೇ ಡಬ್ಬಿಯಿಂದ ಇನ್ನಷ್ಟು ತುಂಬಿದ. ತೂಕವಿಲ್ಲ, ಅಳತೆಯಿಲ್ಲ. 2,500 ರೂಪಾಯಿ. ಬಿಲ್ ಕೇಳಿದರೆ, “ಜಿಎಸ್‌ಟಿ ಸೇರಿಸಿ ಹೆಚ್ಚಿಗೆ ಕೊಡುತ್ತೀರಾ?”

ಏಸಿ ಮೊದಲಿಗಿಂತ ಹಾಳಾಯಿತು. ಈಗ ಗ್ಯಾಸನ್ನು ಒತ್ತುವ ಕಂಪ್ರೆಸರ್ ಆಗಾಗ ತಾನಾಗಿಯೇ ನಿಲ್ಲತೊಡಗಿತು. ಮತ್ತೆ ಹೋದರೆ, ಬಾನೆಟ್ ಕೂಡ ತೆರೆಯದೆ, “ಕಂಪ್ರೆಸರ್ ಹೋಗಿದೆ, 18,000 ಆಗುತ್ತದೆ” ಎಂದ. ಬಾನೆಟ್ ಕೂಡ ತೆರೆಯದೆ!

ಬಾಗಲಕೋಟೆಯ ನವನಗರದಲ್ಲಿ ನಮ್ಮ ಭಾವನಿಗೆ ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಹುಡುಗನೊಬ್ಬನಿದ್ದಾನೆ. ಆತ ಏಸಿ ಹಾಕಲು ಹೇಳಿ, ಬಾನೆಟ್ ಎತ್ತಿ, ಸುಮ್ಮನೆ ನೋಡಿದ. “ಕಾಕಾ, ಏಸಿಯ ಫ್ಯಾನೇ ತಿರುಗುತ್ತಿಲ್ಲವಲ್ಲ.” ಫ್ಯಾನಿನ ರಿಲೇ ಸುಟ್ಟಿತ್ತು. ಹೊಸದಕ್ಕೆ 300 ರೂಪಾಯಿ.

ಅವನೇ ವಿವರಿಸಿದ. ಕಂಪ್ರೆಸರ್ ಗ್ಯಾಸನ್ನು ಒತ್ತಿದಾಗ ಅದು ಕಾಯುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಆ ಶಾಖ ಹೊರಗಾಳಿಗೆ ಹೋಗಿ ಗ್ಯಾಸ್ ದ್ರವವಾಗುತ್ತದೆ. ಆ ದ್ರವ ಎಕ್ಸ್‌ಪ್ಯಾನ್ಷನ್ ವಾಲ್ವ್ ದಾಟಿದೊಡನೆ ಒತ್ತಡ ಇಳಿದು, ಡ್ಯಾಶ್‌ಬೋರ್ಡಿನ ಒಳಗಿರುವ ಕಾಯಿಲಿನಲ್ಲಿ ಆವಿಯಾಗುತ್ತ ಒಳಗಿನ ಗಾಳಿಯ ಬಿಸಿಯನ್ನು ಹೀರುತ್ತದೆ. ಗಾಡಿ ಓಡುವಾಗ ಕಂಡೆನ್ಸರಿಗೆ ಎದುರುಗಾಳಿಯೇ ಸಾಕು. ನಿಂತಾಗ ಫ್ಯಾನ್ ಬೇಕೇ ಬೇಕು. ಫ್ಯಾನ್ ಇಲ್ಲದಿದ್ದರೆ ಒತ್ತಡ ಏರುತ್ತದೆ. ಕೆಂಪು ಮುಳ್ಳು ಕೂಗಿ ಹೇಳಿದ್ದು ಅದನ್ನೇ. ಗ್ಯಾಸ್ ಕಡಿಮೆಯಾಗಿದ್ದರೆ ಎರಡೂ ಮುಳ್ಳು ಕೆಳಗಿರುತ್ತಿದ್ದವು. ಅದರ ಮೇಲೆ ಇನ್ನಷ್ಟು ತುಂಬಿದ್ದರಿಂದ ಒತ್ತಡ ಮಿತಿ ಮೀರಿ, ಕಂಪ್ರೆಸರನ್ನು ಕಾಪಾಡುವ ಸ್ವಿಚ್ ಅದನ್ನು ನಿಲ್ಲಿಸುತ್ತಿತ್ತು. ಅಂದರೆ ಗ್ಯಾರೇಜಿನವನೇ ಕೆಡಿಸಿ, ಅವನೇ 18,000 ಕೇಳಿದ್ದ.

“ಮನೆಯ ಫ್ರಿಜ್‌ಗೆ ಬೇಸಿಗೆ ಬಂದಾಗಲೆಲ್ಲ ಗ್ಯಾಸ್ ತುಂಬಿಸುತ್ತೀರಾ ಕಾಕಾ?” ಎಂದು ಹುಡುಗ ಕೇಳಿದಾಗ ತಲೆ ಎತ್ತಲಾಗಲಿಲ್ಲ. ವರ್ಷಗಟ್ಟಲೆ ಓಡಿದ ಕಾರಿನಲ್ಲಿ ಸೀಲು, ರಬ್ಬರ್ ಪೈಪುಗಳಿಂದ ಅಷ್ಟಿಷ್ಟು ಸೋರುವುದುಂಟು. ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಸೋರಿಕೆ ಹುಡುಕಬೇಕು.

ಹಣ ವಾಪಸ್ ಕೇಳಲು ಹೋದೆ. ಮೊದಲ ಉತ್ತರ: “ವಿಜಯಪುರದ ಬಿಸಿಲಿಗೆ ಯಾವ ಏಸಿ ತಾನೇ ನಿಲ್ಲುತ್ತದೆ?” ಫ್ಯಾನಿನ ವಿಷಯ ಎತ್ತಿದರೆ, “ಮೊಬೈಲ್ ನೋಡಿಕೊಂಡು ಬಂದು ನಮಗೆ ಪಾಠ ಹೇಳಬೇಡಿ.” ಕೊನೆಗೆ, ಕೆಲಸದ ಹುಡುಗರೆಲ್ಲ ನಗುತ್ತಿರುವಾಗ, “ನಾನು ಹಾಕಿದ ಗ್ಯಾಸ್ ವಾಪಸ್ ಕೊಡಿ, ದುಡ್ಡು ಕೊಡುತ್ತೇನೆ.”

ಬಾನೆಟ್ ಕೆಳಗಿನ ಸ್ಟಿಕರಿನಲ್ಲಿ ಗ್ಯಾಸ್ ಯಾವುದು, ಎಷ್ಟು ಗ್ರಾಂ ಎಂದಿರುತ್ತದೆ. ನನ್ನದು ಆರ್-134ಎ. ಹಳೆಯ ಗ್ಯಾಸ್ ತೆಗೆದು, ವ್ಯಾಕ್ಯೂಮ್ ಮಾಡಿ (ಒಳಗಿನ ಗಾಳಿಯನ್ನು ಹೊರಗೆಳೆದು), ತೂಗಿ ತುಂಬುವವನ ಬಳಿಗೇ ಹೋಗಿ. ಫ್ಯಾನ್ ತಿರುಗುತ್ತಿದೆಯೇ ಎಂದು ನೀವೇ ನೋಡಿ. ಬಿಲ್ ಕೊಡದವನಿಗೆ ಒಂದು ರೂಪಾಯಿ ಕೊಡಬೇಡಿ. ಗ್ರಾಹಕರ ಆಯೋಗಕ್ಕೆ ದೂರು ಕೊಡು ಎಂದು ಎಲ್ಲರೂ ಹೇಳುತ್ತಾರೆ. ನಾನು ಏನು ಹಿಡಿದುಕೊಂಡು ಹೋಗಲಿ?