ದಿನಕ್ಕೆ ಹದಿಮೂರು ಗಂಟೆ ಬೀಗ ಬೀಳುವ ಮನೆಗೆ ಯಾವ ಪ್ರಾಣಿ? ಸಾಕಿ ನೋಡಿದ ಐದರ ಹೋಲಿಕೆ

ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡುವವರಲ್ಲಿ ನಾನೂ ಒಬ್ಬಳು. ಬೆಳಿಗ್ಗೆ ಆರೂವರೆಗೆ ಬಟವಾಡಿಯ ಮನೆ ಬಿಟ್ಟರೆ ಯಶವಂತಪುರದ ಕಚೇರಿ ಮುಗಿಸಿಕೊಂಡು ಬರುವ ಹೊತ್ತಿಗೆ ರಾತ್ರಿ ಎಂಟು. ಯಜಮಾನರಿಗೆ ವಸಂತನರಸಾಪುರದ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಅವರು ಹಗಲು ಪಾಳಿಯಲ್ಲಿದ್ದ ವಾರ ಮನೆಗೆ ಬೀಗ. ಮಗಳು ಶಾಲೆ ಬಿಟ್ಟ ಮೇಲೆ ನಾನು ಬರುವವರೆಗೆ ಪಕ್ಕದ ಮನೆಯ ಅಜ್ಜಿಯ ಹತ್ತಿರ ಇರುತ್ತಾಳೆ. ಇಂಥ ಮನೆಯಲ್ಲಿ ಆರು ವರ್ಷಗಳ ಅವಧಿಯಲ್ಲಿ ಮೀನು, ಹಕ್ಕಿ, ಮೊಲ, ನಾಯಿ, ಬೆಕ್ಕು ಐದನ್ನೂ ಇಟ್ಟುಕೊಂಡು ನೋಡಿದ್ದೇವೆ. ಎರಡು ಉಳಿದಿವೆ, ಮೂರು ಬೇರೆಯವರ ಮನೆ ಸೇರಿವೆ.

ಪ್ರಾಣಿ ತರಬೇಕೆಂದು ಹೊರಟಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ನಿಮಗೆ ಪುರುಸೊತ್ತು ಎಷ್ಟಿದೆ? ದಿನಕ್ಕೆ ಒಂದೂವರೆ ಗಂಟೆ ಎಂದು ನಾನು ಹೇಳುತ್ತಿದ್ದೆ. ಅದು ಸುಳ್ಳಲ್ಲ. ಆದರೆ ಆ ಒಂದೂವರೆ ಗಂಟೆ ಬೆಳಿಗ್ಗೆ ಐದೂವರೆಯ ಸುಮಾರಿಗೆ ಅರ್ಧ ಗಂಟೆ, ರಾತ್ರಿ ಎಂಟೂವರೆಯ ನಂತರ ಒಂದು ಗಂಟೆ ಎಂದು ಹಂಚಿಹೋಗಿರುವುದನ್ನು ಯಾರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಪ್ರತಿ ಪ್ರಾಣಿಗೂ ಅದರದೇ ಹೊತ್ತು ಇರುತ್ತದೆ. ಆ ಹೊತ್ತು ನಮ್ಮ ಹೊತ್ತಿಗೆ ಕೂಡಿ ಬಂದರೆ ಒಂದು ಗಂಟೆ ಸಾಕಾಗುತ್ತದೆ. ಕೂಡದಿದ್ದರೆ ಮೂರು ಗಂಟೆ ಕೊಟ್ಟರೂ ಅದು ಸೊರಗುತ್ತದೆ.

ಮೀನು

ಮೊದಲು ತಂದದ್ದು ಎರಡು ಗೋಲ್ಡ್ ಫಿಶ್, ದುಂಡನೆಯ ಗಾಜಿನ ಬೋಗುಣಿಯಲ್ಲಿ. ಹತ್ತು ದಿನದೊಳಗೆ ಎರಡೂ ಸತ್ತವು. ಮಗಳು ಅವನ್ನು ದಾಸವಾಳದ ಗಿಡದ ಬುಡದಲ್ಲಿ ಹೂಳಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ತಪ್ಪು ಎಲ್ಲಿತ್ತೆಂದು ಆಮೇಲೆ ಕಲಿತೆ. ಮೀನಿನ ಮಲಮೂತ್ರದಿಂದಲೂ ತಿನ್ನದೆ ಉಳಿದ ಕಾಳಿನಿಂದಲೂ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಬೋಗುಣಿಯಲ್ಲಿ ಫಿಲ್ಟರೂ ಇಲ್ಲ, ಜಾಗವೂ ಇಲ್ಲ. ಗೋಲ್ಡ್ ಫಿಶ್ ಅಂತೂ ಅಂಗೈಯಗಲ ಬೆಳೆಯುವ, ನೀರನ್ನು ಬೇಗ ಹೊಲಸು ಮಾಡುವ ಮೀನು. ಅದನ್ನು ಬೋಗುಣಿಯಲ್ಲಿಟ್ಟು ಮಾರುವುದನ್ನು ನೋಡಿದಾಗ ಈಗಲೂ ನನಗೆ ಸಿಟ್ಟು ಬರುತ್ತದೆ.

ಎರಡನೆಯ ಸಲ ಅರವತ್ತು ಲೀಟರಿನ ತೊಟ್ಟಿ ತಂದೆವು, ಅದರಲ್ಲಿ ಗಪ್ಪಿ ಬಿಟ್ಟೆವು. ಬುಗುಡನಹಳ್ಳಿಯಿಂದ ಬರುವ ಹೇಮಾವತಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಅದು ಮೀನಿನ ಕಿವಿರನ್ನು ಸುಡುತ್ತದೆ. ಹಾಗಾಗಿ ಕ್ಲೋರಿನ್ ತೆಗೆಯುವ ದ್ರಾವಣದ ಹನಿ ಹಾಕದೆ ನಲ್ಲಿ ನೀರನ್ನು ತೊಟ್ಟಿಗೆ ಸುರಿಯುವುದಿಲ್ಲ. ನಮ್ಮ ಬೋರ್‌ವೆಲ್ ನೀರು ಪಾತ್ರೆಯ ಮೇಲೆ ಬಿಳಿ ಪದರ ಕಟ್ಟುವಷ್ಟು ಗಡಸು. ಅಡುಗೆಗೆ ಬೇಡವೆನಿಸುವ ಆ ಗಡಸು ನೀರೇ ಗಪ್ಪಿಗೆ ಹಿತ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಆರೋಗ್ಯ ಇಲಾಖೆಯವರು ಬಾವಿ ತೊಟ್ಟಿಗಳಿಗೆ ಬಿಡುವ ಮೀನೂ ಇದೇ. ಅಷ್ಟು ಗಟ್ಟಿ ಜೀವ.

ದಿನಕ್ಕೆ ಎರಡು ನಿಮಿಷ, ಭಾನುವಾರ ಕಾಲು ಭಾಗ ನೀರು ಬದಲಿಸಲು ಮುಕ್ಕಾಲು ಗಂಟೆ. ರಾತ್ರಿ ಒಂಬತ್ತಕ್ಕೆ ಕಾಳು ಹಾಕಿದರೂ ಬೆಳಿಗ್ಗೆ ಐದಕ್ಕೆ ಹಾಕಿದರೂ ಮೀನಿಗೆ ಬೇಸರವಿಲ್ಲ. ಒಂದೇ ಭಯ ಕರೆಂಟಿನದು. ಹಗಲಿನಲ್ಲಿ ನಾಲ್ಕೈದು ಗಂಟೆ ಕರೆಂಟು ಹೋಗಿ ಫಿಲ್ಟರು ನಿಂತರೆ ಮೀನು ತುಂಬಿದ ತೊಟ್ಟಿಯಲ್ಲಿ ಆಮ್ಲಜನಕ ಕುಸಿಯುತ್ತದೆ. ಅದಕ್ಕಾಗಿ ಮೀನಿನ ಸಂಖ್ಯೆ ಹೆಚ್ಚದಂತೆ ನೋಡಿಕೊಳ್ಳುತ್ತೇನೆ. ಗಪ್ಪಿ ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ, ತಿಂಗಳಿಗೊಮ್ಮೆ ಹಾಕುತ್ತದೆ. ಹೆಚ್ಚಾದವನ್ನು ಅಮಾನಿಕೆರೆಗೆ ಬಿಟ್ಟುಬಿಡಿ ಎಂದವರಿದ್ದಾರೆ. ಹೊರಗಿನ ಮೀನನ್ನು ಕೆರೆಗೆ ಬಿಟ್ಟರೆ ಅಲ್ಲಿನ ಮೀನಿನ ಬಾಯಿಗೆ ಮಣ್ಣು ಹಾಕಿದಂತೆ. ಗಂಡು ಹೆಣ್ಣುಗಳನ್ನು ಬೇರೆ ಮಾಡಿದೆವು.

ಹೊತ್ತಿನ ಲೆಕ್ಕದಲ್ಲಿ ಮೀನಿಗೆ ಸಾಟಿಯಿಲ್ಲ. ಆದರೆ ಜ್ವರ ಬಂದು ಮಲಗಿದ ಮಗು ತೊಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಳ್ಳಲಾಗದು.

ಹಕ್ಕಿ

ನಮ್ಮಲ್ಲಿ ಲವ್ ಬರ್ಡ್ಸ್ ಎಂದು ಮಾರುವ ಹಕ್ಕಿಗಳಲ್ಲಿ ಹೆಚ್ಚಿನವು ಆಸ್ಟ್ರೇಲಿಯಾ ಮೂಲದ ಬಜರಿಗಾರ್. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು. ನಾವು ತಂದದ್ದೂ ಬಜರಿಗಾರ್ ಜೋಡಿಯನ್ನೇ. ಅವುಗಳ ಮೆಚ್ಚಿನ ಮೇವು ನವಣೆ. ಪಾವಗಡದ ಕಡೆಯ ನೆಂಟರು ಕಾಳು ಬಿಡಿಸದ ತೆನೆಯನ್ನೇ ಕಳಿಸುತ್ತಿದ್ದರು. ತೆನೆಯನ್ನು ಪಂಜರಕ್ಕೆ ತೂಗುಹಾಕಿದಾಗ ಅವು ತಲೆಕೆಳಗಾಗಿ ಜೋತುಬಿದ್ದು ಒಂದೊಂದೇ ಕಾಳು ಸುಲಿಯುವುದನ್ನು ನೋಡುವುದೇ ಒಂದು ಸಂಭ್ರಮ.

ಆ ಸಂಭ್ರಮ ಭಾನುವಾರಕ್ಕೆ ಮಾತ್ರ. ಈ ಹಕ್ಕಿಗಳಿಗೆ ಹತ್ತು ಹನ್ನೆರಡು ಗಂಟೆ ಕತ್ತಲೆಯ ನಿದ್ದೆ ಬೇಕು. ನಾನು ಬಂದು ದೀಪ ಹಾಕುವಾಗ ಅವು ರೆಕ್ಕೆಯೊಳಗೆ ತಲೆ ಹುದುಗಿಸಿ ಕುಳಿತಿರುತ್ತಿದ್ದವು, ಬೆಚ್ಚಿ ಬಡಬಡಿಸುತ್ತಿದ್ದವು. ಅವು ಎಚ್ಚೆತ್ತು ಹಾಡುವ ಹೊತ್ತಿನಲ್ಲಿ ನಾನು ಡಬ್ಬಿ ಕಟ್ಟುವ ಗಡಿಬಿಡಿಯಲ್ಲಿರುತ್ತಿದ್ದೆ. ಒಂದು ದಿನ ಒಲೆಯ ಮೇಲೆ ನಾನ್‌ಸ್ಟಿಕ್ ತವಾ ಮರೆತೆ. ಅದು ಅತಿಯಾಗಿ ಕಾದರೆ ಏಳುವ ಆವಿ ಹಕ್ಕಿಯ ಪುಪ್ಪುಸಕ್ಕೆ ವಿಷ. ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಪುಣ್ಯಕ್ಕೆ ಪಂಜರ ಅಂದು ಹೊರಗಿನ ವರಾಂಡದಲ್ಲಿತ್ತು. ಎಂಟು ತಿಂಗಳ ನಂತರ ಹಗಲೆಲ್ಲ ಮನೆಯಲ್ಲಿರುವ ನಿವೃತ್ತ ಮೇಷ್ಟರೊಬ್ಬರಿಗೆ ಜೋಡಿಯನ್ನು ಒಪ್ಪಿಸಿದೆವು. ಈಗ ಅಲ್ಲಿ ಮರಿಗಳಾಗಿವೆ.

ಈ ನಡುವೆ ಒಬ್ಬರು ಗಿಣಿ ಮರಿ ತಂದುಕೊಡುತ್ತೇನೆಂದರು, ಇನ್ನೊಬ್ಬರು ನಕ್ಷತ್ರ ಆಮೆ ಅದೃಷ್ಟ ಎಂದರು. ನಮ್ಮ ನಾಡಿನ ಗಿಣಿಯನ್ನಾಗಲಿ ನಕ್ಷತ್ರ ಆಮೆಯನ್ನಾಗಲಿ ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಇವನ್ನು ಹೋಲಿಕೆಗೇ ತರುವುದಿಲ್ಲ.

ಮೊಲ

ಸಹೋದ್ಯೋಗಿಯೊಬ್ಬರು ಊರಿಗೆ ಹೋದಾಗ ಅವರ ಬಿಳಿ ಮೊಲ ಎರಡು ತಿಂಗಳು ನಮ್ಮಲ್ಲಿತ್ತು. ಹೊತ್ತಿನ ಮಟ್ಟಿಗೆ ಮೊಲ ನಮಗೆ ಹೇಳಿಮಾಡಿಸಿದ ಪ್ರಾಣಿ; ಮುಂಜಾವಿನಲ್ಲೂ ಮುಸ್ಸಂಜೆಯ ನಂತರವೂ ಅದಕ್ಕೆ ಹುರುಪು, ನಡುಹಗಲಿನಲ್ಲಿ ಮಂಪರು. ಕೆಟ್ಟದ್ದು ಬೇಸಿಗೆ. ಮೂವತ್ತು ಡಿಗ್ರಿ ದಾಟಿದರೆ ಮೊಲ ಸೋಲುತ್ತದೆ, ಏಪ್ರಿಲ್‌ನಲ್ಲಿ ನಮ್ಮ ಶೀಟಿನ ವರಾಂಡ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಹಾಗೆಯೇ ಮೊಲದ ಕರುಳು ನಿಲ್ಲದೆ ಓಡುತ್ತಿರಬೇಕು, ಅದಕ್ಕಾಗಿ ಹೊಟ್ಟೆ ತುಂಬ ಒಣಹುಲ್ಲು ಬೇಕು. ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ ಅದು ತುರ್ತು ಪರಿಸ್ಥಿತಿ. ಒಂದು ಗುರುವಾರ ನಾನು ಬೆಳಿಗ್ಗೆ ಇಟ್ಟ ಹುಲ್ಲು ರಾತ್ರಿ ಎಂಟಕ್ಕೂ ಇಟ್ಟ ಹಾಗೇ ಇತ್ತು. ಅಷ್ಟು ಹೊತ್ತಿನಲ್ಲಿ ದನ, ಕುರಿ, ನಾಯಿ ನೋಡುವ ವೈದ್ಯರು ಸಿಕ್ಕರು, ಮೊಲ ನೋಡಿ ಅನುಭವವಿರುವವರು ಸಿಗಲಿಲ್ಲ. ಕೊನೆಗೆ ಫೋನಿನಲ್ಲಿ ಸಿಕ್ಕ ವೈದ್ಯರೊಬ್ಬರು ಹೇಳಿದಂತೆ ಮಾಡಿ ಬದುಕಿಸಿಕೊಂಡೆವು. ಹದಿಮೂರು ಗಂಟೆ ಬಾಗಿಲು ಹಾಕುವವರು ಮೊಲ ಸಾಕಬಾರದು ಎಂದು ಆ ರಾತ್ರಿಯೇ ನಿರ್ಧರಿಸಿದೆ.

ನಾಯಿ

ಇದನ್ನು ಬರೆಯುವುದು ನನಗೆ ಕಷ್ಟ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಲು ನಿಲ್ಲಿಸಿದ್ದಾಗ ರಸ್ತೆಯಂಚಿನಲ್ಲಿ ಒಂಟಿಯಾಗಿ ಕೂಗುತ್ತಿದ್ದ ಕೆಂಪು ಮರಿಯನ್ನು ಮಗಳು ಎತ್ತಿಕೊಂಡಳು. ಕೆಂಚ ಎಂದು ಹೆಸರಿಟ್ಟೆವು. ಊರ ನಾಯಿಗೆ ರೋಗ ಕಡಿಮೆ, ಈ ಹವೆಗೆ ಒಗ್ಗಿದ ಮೈ, ದುಬಾರಿ ಆಹಾರ ಬೇಡ. ಲ್ಯಾಬ್ರಡಾರ್‌ಗಾಗಿ ಸಾವಿರಾರು ರೂಪಾಯಿ ಸುರಿಯುವವರಿಗೆ ನಾನು ಇಂದಿಗೂ ಊರ ಮರಿಯನ್ನೇ ಶಿಫಾರಸು ಮಾಡುತ್ತೇನೆ. ಆದರೆ ತಳಿ ಯಾವುದಾದರೂ ನಾಯಿ ಗುಂಪಿನ ಪ್ರಾಣಿ. ಅದಕ್ಕೆ ನಾವೇ ಗುಂಪು.

ಮೂರು ತಿಂಗಳ ಮರಿ ಮೂರು ನಾಲ್ಕು ಗಂಟೆಗಿಂತ ಹೆಚ್ಚು ಮೂತ್ರ ತಡೆದುಕೊಳ್ಳಲಾರದು. ಆರರಿಂದ ಎಂಟು ವಾರಕ್ಕೆ ಡಿಸ್ಟೆಂಪರ್, ಪಾರ್ವೊ ಲಸಿಕೆ ಶುರುವಾದರೆ ನಾಲ್ಕು ತಿಂಗಳಾಗುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಪುನಃ ಹಾಕಿಸಬೇಕು, ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ಪ್ರತಿ ವರ್ಷ. ನನ್ನ ರಜೆಗಳೆಲ್ಲ ಇದಕ್ಕೇ ಹೋದವು, ಅದಕ್ಕೆ ಬೇಸರವಿರಲಿಲ್ಲ. ಬೇಸರವಾದದ್ದು ಪಕ್ಕದ ಮನೆಯ ಅಜ್ಜಿ ಹೇಳಿದ ಮಾತಿಗೆ: “ನೀನು ಗೇಟು ಹಾಕಿದ ಮೇಲೆ ಅದು ಗೇಟಿನ ಹತ್ತಿರವೇ ಕೂತಿರುತ್ತೆ ಕಣಮ್ಮ. ಹತ್ತು ಗಂಟೆಯವರೆಗೆ ಕೂಗುತ್ತೆ, ಆಮೇಲೆ ಸುಮ್ಮನಾಗುತ್ತೆ. ಆ ಸುಮ್ಮನಾಗೋದನ್ನು ನೋಡೋಕೆ ಆಗಲ್ಲ.”

ದೊಡ್ಡ ನಾಯಿಯಾದರೂ ಒಂದೇ ಸಮನೆ ನಾಲ್ಕರಿಂದ ಆರು ಗಂಟೆಗಿಂತ ಹೆಚ್ಚು ಒಂಟಿಯಾಗಿ ಬಿಡಬಾರದು. ನಾವು ಬಿಟ್ಟದ್ದು ಅದರ ಎರಡರಷ್ಟು. ನಾನು ರಾತ್ರಿ ಒಂಬತ್ತಕ್ಕೆ ಒಂದು ಗಂಟೆ ನಡೆಸಿಕೊಂಡು ಬರುತ್ತಿದ್ದೆ. ಬೀದಿಯ ನಾಯಿಗಳೆಲ್ಲ ಗುಂಪುಗೂಡುವ ಹೊತ್ತು ಅದೇ, ಕೆಂಚ ಹೆದರಿ ನನ್ನ ಕಾಲಿನ ನಡುವೆ ಸೇರುತ್ತಿತ್ತು. ಕೆಲವು ತಿಂಗಳಲ್ಲಿ ಅದು ತನ್ನ ಮುಂಗಾಲನ್ನು ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಂಡಿತು. ಉಣ್ಣೆ ಹುಳು ಇರಬಹುದೆಂದು ಹುಡುಕಿದೆ, ಇರಲಿಲ್ಲ. ಒಂಟಿತನದಿಂದ ಹೀಗಾಗುತ್ತದೆ ಎಂದು ಪಶುವೈದ್ಯರು ಹೇಳಿದರು.

ಗುಬ್ಬಿಯ ಹತ್ತಿರ ಅಣ್ಣನ ಅಡಿಕೆ ತೋಟವಿದೆ. ಅಲ್ಲಿ ಅತ್ತಿಗೆ, ಮಕ್ಕಳು, ಆಳುಗಳು, ಹಸುಗಳು, ಹಗಲೆಲ್ಲ ಯಾರಾದರೂ ಇರುತ್ತಾರೆ. ಕೆಂಚನನ್ನು ಅಲ್ಲಿಗೆ ಬಿಟ್ಟು ಬಂದೆವು. ಕಾಲಿನ ಹುಣ್ಣು ಒಂದು ತಿಂಗಳಲ್ಲಿ ಮಾಯಿತು.

ಮನೆಯಲ್ಲಿ ಹಿರಿಯರಿದ್ದರೆ, ಇಲ್ಲವೇ ಮಧ್ಯಾಹ್ನ ಮನೆಗೆ ಬರುವ ಕೆಲಸವಾದರೆ ನಾಯಿಗಿಂತ ದೊಡ್ಡ ಸಂಪತ್ತಿಲ್ಲ. ಇಬ್ಬರೂ ದೂರ ಓಡಾಡುವವರು ದಯವಿಟ್ಟು ತರಬೇಡಿ. ಮಾಳಿಗೆಯ ಮೇಲೆ ಸರಪಳಿ ಹಾಕಿ ಕಾವಲಿಗೆಂದು ಕಟ್ಟುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಬೆಕ್ಕು

ಮರುವರ್ಷದ ಸಂಕ್ರಾಂತಿಯ ದಿನ ಎಳ್ಳು ಬೀರಲು ಹೋದ ಮನೆಯಲ್ಲಿ ಎರಡೂವರೆ ತಿಂಗಳ ಮರಿಗಳಿದ್ದವು. ಒಂದು ಕಪ್ಪು, ಒಂದು ಕಂದು. ಎಳ್ಳು, ಬೆಲ್ಲ ಎಂದು ಹೆಸರು ಅಲ್ಲೇ ಆಯಿತು. ಒಂದೇ ಸಾಕಿತ್ತು, ಎರಡನ್ನು ತಂದದ್ದು ಕೆಂಚ ಕಲಿಸಿದ ಪಾಠದಿಂದ. ಹಗಲಿನಲ್ಲಿ ಒಂದಕ್ಕೊಂದು ಜೊತೆ.

ಬೆಕ್ಕು ದಿನಕ್ಕೆ ಹನ್ನೆರಡರಿಂದ ಹದಿನಾರು ಗಂಟೆ ನಿದ್ದೆ ಮಾಡುತ್ತದೆ. ಮುಂಜಾವು ಮತ್ತು ಸಂಜೆಯ ನಂತರದ ಹೊತ್ತು ಅದರ ಬೇಟೆಯ ಹೊತ್ತು, ಆಟದ ಹೊತ್ತು. ಐದೂವರೆಗೆ ನಾನು ಏಳುವ ಮೊದಲೇ ಎಳ್ಳು ನನ್ನ ಹಾಸಿಗೆಯ ಅಂಚಿನಲ್ಲಿ ಕುಳಿತಿರುತ್ತಾನೆ. ರಾತ್ರಿ ಊಟವಾದ ಮೇಲೆ ದಾರಕ್ಕೆ ಗರಿ ಕಟ್ಟಿ ಇಪ್ಪತ್ತು ನಿಮಿಷ ಓಡಿಸುತ್ತೇನೆ, ಆಮೇಲೆ ಇಬ್ಬರೂ ಮಗಳ ಪುಸ್ತಕದ ಮೇಲೆ ಮಲಗುತ್ತಾರೆ. ನನ್ನ ಒಂದೂವರೆ ಗಂಟೆ ಮೊದಲ ಸಲ ಯಾರಿಗೋ ಸಾಕಾಗಿದೆ.

ನಮ್ಮದು ಮಾಂಸ ಒಲೆಗೇರದ ಮನೆ. ಹಾಲು ಅನ್ನ ಹಾಕಿದರಾಯಿತು, ನಮ್ಮ ಕಾಲದಲ್ಲಿ ಹಾಗೇ ಬೆಳೆದವು ಎಂದರು ಅತ್ತೆ. ಅತ್ತೆಯ ಕಾಲದ ಬೆಕ್ಕು ಕಣಜದ ಇಲಿ ಹಿಡಿದು ಹೊಟ್ಟೆ ತುಂಬಿಸಿಕೊಳ್ಳುತ್ತಿತ್ತು, ಹಾಲು ಅನ್ನ ಬರೀ ನೆಪ. ಮನೆಯೊಳಗೇ ಇರುವ ಬೆಕ್ಕಿಗೆ ಟಾರೀನ್ ಎಂಬ ಅಂಶ ಆಹಾರದಿಂದಲೇ ಸಿಗಬೇಕು. ಅದು ಮಾಂಸದಲ್ಲಿದೆ, ಅನ್ನದಲ್ಲಿಲ್ಲ. ಅದಿಲ್ಲದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಸೊರಗುತ್ತದೆ. ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಹಾಲೂ ಜೀರ್ಣವಾಗುವುದಿಲ್ಲ. ಎರಡು ವಾರ ಮಾತುಕತೆಯಾಯಿತು. ಕೊನೆಗೆ ಅಂಗಡಿಯ ಒಣ ಕಾಳಿನ ಆಹಾರ, ಅದಕ್ಕೆ ಬೇರೆ ತಟ್ಟೆ, ತಟ್ಟೆ ತೊಳೆಯಲು ಹಿತ್ತಲ ನಲ್ಲಿ ಎಂದು ಒಪ್ಪಂದವಾಯಿತು. ಇದಕ್ಕೆ ಒಪ್ಪದ ಮನೆಯವರು ಬೆಕ್ಕು ತರುವುದು ಅದಕ್ಕೆ ಮಾಡುವ ಅನ್ಯಾಯ.

ಅವುಗಳ ಶೌಚಕ್ಕೆ ಮರಳಿನ ತಟ್ಟೆ ಮೂರು ಇಟ್ಟಿದ್ದೇನೆ. ದಿನವೂ ಐದು ನಿಮಿಷದ ಕೆಲಸ. ಆ ತಟ್ಟೆಯೇ ಆರೋಗ್ಯದ ವರದಿ ಕೂಡ: ಗಂಡು ಬೆಕ್ಕು ಪದೇ ಪದೇ ಕುಳಿತು ಮೂತ್ರ ಬಾರದೆ ಒದ್ದಾಡಿದರೆ ಅದೇ ದಿನ ಆಸ್ಪತ್ರೆಗೆ ಓಡಬೇಕು. ಐದಾರು ತಿಂಗಳಿಗೆ ಎರಡಕ್ಕೂ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಕಿಟಕಿಗಳಿಗೆಲ್ಲ ಜಾಲರಿ ಹಾಕಿಸಿದೆವು. ಜ್ವರದ ಪ್ಯಾರಸಿಟಮಾಲ್ ಬೆಕ್ಕಿಗೆ ಪ್ರಾಣಾಂತಕ. ಮಾತ್ರೆಯ ಡಬ್ಬಿ ಬೀರುವಿನೊಳಗೆ ಹೋಯಿತು. ಪರ್ಷಿಯನ್ ತಳಿ ಕೇಳುವವರಿಗೆ ಒಂದೇ ಮಾತು, ಅದರ ಕೂದಲನ್ನು ದಿನವೂ ಬಾಚಬೇಕು.

ಬೀಗ ಹಾಕಿ ಊರಿಗೆ ಹೊರಟಾಗ

ಶಿವರಾತ್ರಿಯಲ್ಲಿ ಸಿದ್ಧಗಂಗೆಯ ಜಾತ್ರೆಗೆಂದು ನೆಂಟರು ನಮ್ಮ ಮನೆಗೇ ಬರುತ್ತಾರೆ, ಅದು ಸುಲಭ. ನಾವು ಮೂರು ದಿನ ಹೊರಡಬೇಕಾದಾಗ ಅಂತರ ತಿಳಿಯುತ್ತದೆ. ಬೆಳೆದ ಮೀನು ಮೂರು ದಿನ ಕಾಳಿಲ್ಲದೆ ಆರಾಮವಾಗಿರುತ್ತದೆ. ನೋಡಿಕೊಳ್ಳಿ ಎಂದು ಹೇಳಿಹೋದರೆ ಪಾಪ, ಯಾರೋ ಹಿಡಿಗಟ್ಟಲೆ ಸುರಿದು ಕೊಲ್ಲುತ್ತಾರೆ. ಹಕ್ಕಿಗೆ, ಮೊಲಕ್ಕೆ ದಿನವೂ ಒಬ್ಬರು ಬರಬೇಕು. ಬೆಕ್ಕಿಗೂ ಬರಬೇಕು, ಆದರೆ ಅರ್ಧ ಗಂಟೆ ಸಾಕು. ಅಜ್ಜಿಗೆ ಕೀಲಿ ಕೊಟ್ಟು ಹೋಗುತ್ತೇವೆ. ಕೆಂಚನಿದ್ದ ಕಾಲದಲ್ಲಿ ನಾವು ಊರಿಗೇ ಹೋಗಲಿಲ್ಲ.

ಗಪ್ಪಿಯ ತೊಟ್ಟಿ ಈಗಲೂ ಪಡಸಾಲೆಯಲ್ಲಿದೆ. ಬೆಲ್ಲ ಅದರ ಮುಂದೆ ಗಂಟೆಗಟ್ಟಲೆ ಕೂರುವುದನ್ನು ಕಂಡ ಮೇಲೆ ಯಜಮಾನರು ಕಬ್ಬಿಣದ ಚೌಕಟ್ಟಿಗೆ ಬಲೆ ಬಿಗಿದು ಮುಚ್ಚಳ ಮಾಡಿಸಿ, ಮೇಲೆ ಎರಡು ಇಟ್ಟಿಗೆ ಇಟ್ಟಿದ್ದಾರೆ.