ಬೆರಿಂಗ್‌ಹಾರ್ಜೊ ಮಾರುಕಟ್ಟೆಯ ಜಾಮು: ಬೆಳಗಿನ ಹೊತ್ತೇ ಕುಡಿಯಬೇಕಾದ ಪಾನೀಯ

ಇಂಡೊನೇಷ್ಯಾದ ಜಾವಾ ದ್ವೀಪದ ಯೋಗ್ಯಕರ್ತಾ ನಗರಕ್ಕೆ ಹೋದವರು ಮಾಲಿಯೊಬೊರೊ ರಸ್ತೆಯ ದಕ್ಷಿಣ ತುದಿಗೆ ಸಮೀಪವಿರುವ ಬೆರಿಂಗ್‌ಹಾರ್ಜೊ ಮಾರುಕಟ್ಟೆಯಲ್ಲಿ ಒಂದು ಲೋಟ ಜಾಮು, ಅಂದರೆ ಗೆಡ್ಡೆ-ಗಿಡಮೂಲಿಕೆಗಳಿಂದ ಮಾಡುವ ಅಲ್ಲಿನ ಸಾಂಪ್ರದಾಯಿಕ ಪಾನೀಯ, ಕುಡಿಯದೆ ಮರಳಬಾರದು. ಅಲ್ಲಿ ಮೂರು ದಿನವೂ ನಾನು ಕುಡಿದದ್ದು ಒಬ್ಬರೇ ಹಿರಿಯ ಮಹಿಳೆಯ ಬಳಿ. ಸೆಲೆಂಡಾಂಗ್ ಎಂಬ ಉದ್ದನೆಯ ಬಟ್ಟೆಯಿಂದ ಬಾಟಲಿಗಳ ಬುಟ್ಟಿಯನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗಿ ಮಾರುವ ಈ ಪದ್ಧತಿಗೆ 'ಜಾಮು ಗೆಂಡೊಂಗ್' ಎಂದು ಹೆಸರು.

ಮೊದಲ ದಿನ ನಾನು ಬೆರಸ್ ಕೆಂಚುರ್ ಕೇಳಿದೆ. ನೆನೆಸಿದ ಅಕ್ಕಿ, ಶುಂಠಿಯ ಬಳಗಕ್ಕೆ ಸೇರಿದ ಕೆಂಚುರ್ ಗೆಡ್ಡೆ ಮತ್ತು ತಾಳೆಬೆಲ್ಲ ಇದರ ಜೀವಾಳ. ಅಕ್ಕಿಯ ಹಿಟ್ಟು ತಳಕ್ಕಿಳಿಯುವುದರಿಂದ ಆಕೆ ಬಾಟಲಿಯನ್ನು ಚೆನ್ನಾಗಿ ಕುಲುಕಿಯೇ ಬಗ್ಗಿಸಿದರು. ಸುರಿಯುವಾಗ ಕಂಡ ಅವರ ಉಗುರುಗಳಲ್ಲಿ ಅರಿಸಿನದ ಬಣ್ಣ ಶಾಶ್ವತವಾಗಿ ನಿಂತುಬಿಟ್ಟಿತ್ತು. ಮರುದಿನದ ಕುನ್ಯಿತ್ ಅಸಮ್, ಅಂದರೆ ಅರಿಸಿನ ಮತ್ತು ಹುಣಸೆಯ ಪಾನಕ, ನನಗೆ ಇನ್ನೂ ಹಿಡಿಸಿತು: ಹುಳಿ ಮೊದಲು ನಾಲಿಗೆಗೆ ತಾಕುತ್ತದೆ, ಅರಿಸಿನದ ಮಣ್ಣಿನ ವಾಸನೆ ಗಂಟಲಿಗಿಳಿದ ಮೇಲೆ ಬರುತ್ತದೆ. ಮೂರನೆಯ ದಿನ ಕುಡಿದದ್ದು ನೆಲಬೇವಿನ ಜಾತಿಯ ಸಂಬಿಲೊತೊ ಸೇರಿದ ಪಹಿತನ್. ಅದರ ಕಹಿಗೆ ಕಣ್ಣು ಮುಚ್ಚಿಕೊಂಡವು. ನಾನು ಕೇಳುವ ಮುನ್ನವೇ ಆಕೆ ಅರ್ಧ ಲೋಟ ಬೆರಸ್ ಕೆಂಚುರ್ ಮುಂದಿಟ್ಟರು. ಕಹಿಯ ಹಿಂದೆಯೇ ಸಿಹಿ ಕೊಡುವುದು ಇವರಲ್ಲಿ ರೂಢಿ.

ಜಾಮು ಸಂಸ್ಕೃತಿ ಸುಮಾರು 8ನೇ ಶತಮಾನದಿಂದ ಇದೆಯೆಂಬ ನಂಬಿಕೆಯಿದ್ದು, ಜಾವಾದ ಬೊರೊಬುದುರ್ ಬೌದ್ಧ ಸ್ತೂಪದ ಉಬ್ಬುಶಿಲ್ಪಗಳನ್ನು ಅದಕ್ಕೆ ಸಾಕ್ಷಿಯಾಗಿ ತೋರಿಸುತ್ತಾರೆ. 2023ರಲ್ಲಿ ಯುನೆಸ್ಕೊ ಇದನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಈ ವಿದ್ಯೆ ಬಹುಮಟ್ಟಿಗೆ ಉಳಿದು ಬಂದಿರುವುದು ಮನೆಗಳಲ್ಲಿ, ತಾಯಿಯಿಂದ ಮಗಳಿಗೆ ಬಾಯಿಮಾತಿನಲ್ಲಿ ಎಂಬುದೇ ನನಗೆ ಹೆಚ್ಚು ಮುಖ್ಯವಾಗಿ ತೋರುತ್ತದೆ. ಹೊರಲಾಗದ ವಯಸ್ಸಿನಲ್ಲೂ ಹೊತ್ತು ಬರುವ ಇಂಥವರ ಬಳಿ ಚೌಕಾಸಿ ಮಾಡಬೇಡಿರೆಂದು ಕೇಳಿಕೊಳ್ಳುತ್ತೇನೆ. ನಾನು ಲೋಟಕ್ಕೆ ಕೊಟ್ಟದ್ದು 5,000 ರೂಪಿಯಾ ಮಾತ್ರ.

ತಂಗಿದ್ದ ಹೋಟೆಲಿನಲ್ಲಿಯೂ ಜಾಮು ಎಂದು ತಣ್ಣಗಿನ ಹಳದಿ ನೀರು ಕೊಟ್ಟಿದ್ದರು. ಅದರಲ್ಲಿ ಸಕ್ಕರೆ ಮುಂದಿತ್ತು, ಹುಣಸೆಯ ಸುಳಿವಿರಲಿಲ್ಲ. ಮಾರುಕಟ್ಟೆಯದರಲ್ಲಿ ನನಗೆ ಕಂಡ ಕೊರತೆ ಒಂದೇ: ಒಂದೇ ಬಕೆಟ್ಟಿನ ನೀರಿನಲ್ಲಿ ಎಲ್ಲ ಲೋಟಗಳನ್ನೂ ಅದ್ದಿ ತೆಗೆಯುತ್ತಾರೆ. ಎರಡನೆಯ ದಿನದಿಂದ ನಾನು ಸ್ವಂತ ಲೋಟ ಒಯ್ದೆ. ಆಕೆ ಬೇಸರಿಸದೆ ಅದನ್ನು ಕಂಠದವರೆಗೆ ತುಂಬಿದರು. ಒಂಬತ್ತು ಗಂಟೆಯ ಹೊತ್ತಿಗೆ ಕುನ್ಯಿತ್ ಅಸಮ್ ಬಾಟಲಿ ಬರಿದಾಗಿರುತ್ತದೆ, ಬೇಗ ಹೋಗಿ.