ಹಳೇ ಎಂಎಕ್ಸ್-5ಕ್ಕೆ ಸಸ್ಪೆನ್ಷನ್ ಬುಷ್: ರಬ್ಬರ್, ಪಾಲಿ, ಮತ್ತೆ ರಬ್ಬರ್ (ಏಳು ವರ್ಷದ ಬಳಕೆ)

ನನ್ನ ಹತ್ತಿರ ಇರುವುದು 2001ರ ಮಜ್ದಾ ಎಂಎಕ್ಸ್-5. ಎರಡನೇ ತಲೆಮಾರಿನದು, 1.8 ಲೀಟರ್ ಎಂಜಿನ್. ಇಂಗ್ಲೆಂಡಿನ ಡರ್ಬಿಯಲ್ಲಿ ಇದ್ದೇನೆ. 2018ರಲ್ಲಿ ಕೊಂಡಾಗ 84,000 ಮೈಲಿ ಓಡಿತ್ತು, ಈಗ 1,31,000 ಆಗಿದೆ. ಬುಷ್ ಅಂದರೆ ಚಕ್ರವನ್ನು ಬಾಡಿಗೆ ಸೇರಿಸುವ ತೋಳಿನ (ಆರ್ಮ್) ಕೀಲಿನಲ್ಲಿ ಕೂರುವ ಮೆತ್ತೆ. ಈ ಏಳು ವರ್ಷದಲ್ಲಿ ಮುಂದಿನ ಬುಷ್‌ಗೆ ಮೂರು ಸಲ ಕೈ ಹಾಕಿದ್ದೇನೆ, ಹಿಂದಿನದಕ್ಕೆ ಒಂದು ಸಲ. ಮೂರು ಸಲವೂ ಬೇರೆ ಬೇರೆ ರೀತಿ. ಯಾವುದು ಎಷ್ಟು ದಿನ ಬಂತು, ಯಾಕೆ ಹೋಯಿತು ಅಂತ ನನಗೆ ಈಗ ಸರಿಯಾಗಿ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಈ ಕಾರಿನ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. 1989ರಲ್ಲಿ ಮೊದಲ ಎಂಎಕ್ಸ್-5 ಬಂದಾಗ ಮಜ್ದಾದವರು ಇಟ್ಟುಕೊಂಡಿದ್ದ ಗುರಿ, ಕುದುರೆ ಮತ್ತು ಸವಾರ ಒಂದೇ ಜೀವ ಅನ್ನಿಸಬೇಕು ಅನ್ನುವುದು. ಜಪಾನಿಯಲ್ಲಿ ಅದನ್ನು ಜಿಂಬಾ ಇತ್ತಾಯ್ ಅನ್ನುತ್ತಾರೆ. ಎಂಜಿನ್ ದೊಡ್ಡದಲ್ಲ. ಮಜಾ ಇರುವುದೆಲ್ಲಾ ತಿರುವಿನಲ್ಲಿ. ಹಗುರ ಬಾಡಿ, ಹಿಂದಿನ ಚಕ್ರಕ್ಕೆ ಶಕ್ತಿ, ನಾಲ್ಕೂ ಮೂಲೆಯಲ್ಲಿ ಡಬಲ್ ವಿಶ್‌ಬೋನ್ ಸಸ್ಪೆನ್ಷನ್. ಅಂದರೆ ಪ್ರತಿ ಚಕ್ರಕ್ಕೂ ಮೇಲೊಂದು ಆರ್ಮ್, ಕೆಳಗೊಂದು ಆರ್ಮ್. ಆರ್ಮ್ ಜಾಸ್ತಿ ಇದ್ದಷ್ಟೂ ಬುಷ್ ಜಾಸ್ತಿ. ಮುಂದಿನ ಆರ್ಮ್‌ಗಳಲ್ಲೇ ಎಂಟು ಇವೆ. ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ಸಡಿಲ ಬಂದರೆ ಸಾಕು, ಕುದುರೆ ಒಂದು ಕಡೆ, ಸವಾರ ಒಂದು ಕಡೆ.

ಕೊಂಡಾಗ ನನಗೆ ಆಗಿದ್ದೂ ಅದೇ. ಮೋಟರ್‌ವೇ ಮೇಲೆ 70 ಮೈಲಿ ವೇಗದಲ್ಲಿ ಕಾರು ಸುಮ್ನೆ ಅತ್ತಿತ್ತ ಅಲೆಯುತ್ತಿತ್ತು. ಲಾರಿ ಚಕ್ರ ಕೊರೆದ ಗೆರೆ ಇದ್ದರೆ ಅದರೊಳಗೇ ಹೋಗುತ್ತಿತ್ತು. ಹಂಪ್ ಹತ್ತಿ ಇಳಿದರೆ ಎಡಗಡೆ ಮುಂದೆ 'ಟಕ್' ಅನ್ನುತ್ತಿತ್ತು. ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮಾಡಿಸಿದರೆ ಒಂದು ತಿಂಗಳು ಚೆನ್ನಾಗಿತ್ತು, ಆಮೇಲೆ ಮತ್ತೆ ಟೈರಿನ ಒಳ ಅಂಚು ಸವೆಯಲು ಶುರು. ಇಲ್ಲಿ ಮೂರು ವರ್ಷ ದಾಟಿದ ಕಾರಿಗೆ ವರ್ಷಕ್ಕೊಮ್ಮೆ ಎಂಒಟಿ ಪರೀಕ್ಷೆ ಆಗಬೇಕು. ಆ ವರ್ಷದ ಕಾಗದದಲ್ಲಿ ಮುಂದಿನ ಲೋಯರ್ ಆರ್ಮ್ ಬುಷ್ ಸವೆದಿದೆ ಅಂತ ಎಚ್ಚರಿಕೆ ಬರೆದು ಕೊಟ್ಟರು.

ಮೊದಲನೇ ಸಲ ಒಂದು ಗ್ಯಾರೇಜಿಗೆ ಕೊಟ್ಟೆ. ಹೆಸರು ಬೇಡ. ಹೊಸ ರಬ್ಬರ್ ಬುಷ್ ಹಾಕಿದರು, ದುಡ್ಡು ತೆಗೆದುಕೊಂಡರು, ಕಾರು ಚೆನ್ನಾಗೇ ಓಡಿತು. ಹದಿನಾಲ್ಕು ತಿಂಗಳಿಗೆ ಮತ್ತೆ 'ಟಕ್'. ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡಿದರೆ ಹೊಸ ರಬ್ಬರು ಒಳಗಿನ ಕೊಳವೆಯಿಂದ ಅರ್ಧ ಸುತ್ತು ಕಿತ್ತುಬಂದಿದೆ. ಸವೆದದ್ದಲ್ಲ, ಹರಿದದ್ದು. ನನಗೆ ಏನೂ ಅರ್ಥ ಆಗಲಿಲ್ಲ. ಆ ಭಾನುವಾರ ಊರಿಗೆ ಫೋನ್ ಮಾಡಿದಾಗ ಸೋದರಮಾವನಿಗೆ ವೀಡಿಯೋದಲ್ಲಿ ತೋರಿಸಿದೆ. ಅವರು ಸಾಗರದಲ್ಲಿ ಮೂವತ್ತು ವರ್ಷ ಲಾರಿ, ಜೀಪು ರಿಪೇರಿ ಮಾಡಿದವರು. ಇಂಥ ಕಾರನ್ನು ಕಣ್ಣಲ್ಲಿ ಕಂಡವರಲ್ಲ. ಎರಡು ಸೆಕೆಂಡ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ಅಳಿಯಾ, ಗಾಡಿ ನೆಲಕ್ಕೆ ಇಳಿಸಿ ಟೈಟ್ ಮಾಡಿದ್ರಾ, ಮೇಲೆ ನೇತಾಡ್ತಿರುವಾಗ್ಲೇ ಟೈಟ್ ಮಾಡಿದ್ರಾ?"

ಇಡೀ ವಿಷಯ ಆ ಒಂದು ಪ್ರಶ್ನೆಯಲ್ಲಿದೆ. ರಬ್ಬರ್ ಬುಷ್ ಅಂದರೆ ಹೊರಗೊಂದು ಕಬ್ಬಿಣದ ಬಳೆ, ಒಳಗೊಂದು ಕಬ್ಬಿಣದ ಕೊಳವೆ, ಎರಡರ ನಡುವೆ ಅಂಟಿಕೊಂಡ ರಬ್ಬರು. ಬೋಲ್ಟ್ ಬಿಗಿದಾಗ ಒಳಗಿನ ಕೊಳವೆ ಬ್ರ್ಯಾಕೆಟ್ಟಿಗೆ ಕಚ್ಚಿಕೊಂಡು ನಿಲ್ಲುತ್ತದೆ, ಅದು ತಿರುಗುವುದಿಲ್ಲ. ಆರ್ಮ್ ಮೇಲೆ ಕೆಳಗೆ ಆಡಿದಾಗ ರಬ್ಬರೇ ಟವೆಲ್ ಹಿಂಡಿದ ಹಾಗೆ ತಿರುಚಿಕೊಂಡು ಮತ್ತೆ ವಾಪಸ್ ಬರುತ್ತದೆ. ಕಾರು ಲಿಫ್ಟ್ ಮೇಲೆ ಇದ್ದು ಚಕ್ರ ಕೆಳಗೆ ಜೋತುಬಿದ್ದಿರುವಾಗ ಬಿಗಿದರೆ, ರಬ್ಬರಿಗೆ ಅದೇ ಸಹಜ ಜಾಗ ಆಗಿಬಿಡುತ್ತದೆ. ಕಾರು ನೆಲಕ್ಕೆ ಇಳಿದ ಕ್ಷಣದಿಂದಲೇ ಅದು ತಿರುಚಿಕೊಂಡೇ ಇರುತ್ತದೆ, ನಿಂತಾಗಲೂ, ಹಗಲೂ ರಾತ್ರಿ. ಅದರ ಮೇಲೆ ಒಂದು ಗುಂಡಿ ಬಿದ್ದರೆ ಇನ್ನೂ ತಿರುಚು. ಹರಿಯದೆ ಏನು ಮಾಡುತ್ತದೆ? ಗ್ಯಾರೇಜಿನವರನ್ನು ಕೇಳಿದೆ. ಲಿಫ್ಟ್ ಮೇಲೇ ಬಿಗಿದದ್ದು ಅಂದರು, ಅದರಲ್ಲಿ ತಪ್ಪೇನು ಅಂತ ನನ್ನನ್ನೇ ಕೇಳಿದರು. ನಿಜವಾಗಿಯೂ ಬೇಜಾರಾಯಿತು.

ಎರಡನೇ ಸಲ, 2020ರ ಬೇಸಿಗೆ. ಮನೆಯಲ್ಲೇ ಕೂತಿದ್ದ ಕಾಲ. ಈ ಸಲ ಪಾಲಿಯುರೆಥೇನ್ (ಗಟ್ಟಿ ಪ್ಲಾಸ್ಟಿಕ್ ಥರದ್ದು, ಪಾಲಿ ಅನ್ನುತ್ತಾರೆ) ಬುಷ್ ತರಿಸಿದೆ, ಮುಂದಿನ ಎಂಟಕ್ಕೆ, ಜೊತೆಗೆ ಆಂಟಿ-ರೋಲ್ ಬಾರ್‌ಗೆ (ತಿರುವಿನಲ್ಲಿ ಬಾಡಿ ವಾಲದಂತೆ ತಡೆಯುವ ಸರಳು). ಪಾಲಿ ರಬ್ಬರಿಗಿಂತ ಗಟ್ಟಿ, ಎಣ್ಣೆಗೆ ಹಾಳಾಗುವುದಿಲ್ಲ. ಮುಖ್ಯವಾಗಿ ಕೈಯಲ್ಲೇ ಒತ್ತಿ ಕೂರಿಸಬಹುದು, ಹೈಡ್ರಾಲಿಕ್ ಪ್ರೆಸ್ ಬೇಡ. ಎರಡು ಅರ್ಧ ಭಾಗ ಎರಡು ಕಡೆಯಿಂದ ತಳ್ಳಿ, ನಡುವೆ ಕೊಳವೆ ತೂರಿಸಿದರೆ ಮುಗಿಯಿತು. ಇದು ತಿರುಚಿಕೊಳ್ಳುವುದಿಲ್ಲ, ಕೊಳವೆಯ ಸುತ್ತ ಜಾರುತ್ತದೆ. ಹಾಗಾಗಿ ಯಾವ ಎತ್ತರದಲ್ಲಿ ಬಿಗಿದರೂ ಹರಿಯುವ ಭಯ ಇಲ್ಲ.

ಮೊದಲ ಆರು ತಿಂಗಳು ನನಗೆ ತುಂಬಾ ಖುಷಿ ಕೊಟ್ಟಿತು, ಅದನ್ನು ಮುಚ್ಚಿಡುವುದಿಲ್ಲ. ಸ್ಟೀರಿಂಗ್ ಒಂದು ಕೂದಲೆಳೆ ತಿರುಗಿಸಿದರೂ ಮೂಗು ತಕ್ಷಣ ತಿರುಗುತ್ತಿತ್ತು. ಮ್ಯಾಕಲ್ಸ್‌ಫೀಲ್ಡ್‌ನಿಂದ ಬಕ್ಸ್‌ಟನ್‌ಗೆ ಬರುವ ಎ537 ರಸ್ತೆ ಇದೆಯಲ್ಲ, ಕ್ಯಾಟ್ ಅಂಡ್ ಫಿಡ್ಲ್ ಅಂತ ಕರೆಯುತ್ತಾರೆ, ಅಲ್ಲಿ ಬೆಳಗ್ಗೆ ಆರಕ್ಕೆ ಹೋದರೆ ನಮ್ಮ ಆಗುಂಬೆ ತಿರುವುಗಳನ್ನು ಅಗಲ ಮಾಡಿ ಮರ ತೆಗೆದ ಹಾಗೆ. ಆ ರಸ್ತೆಯಲ್ಲಿ ಪಾಲಿ ಬುಷ್ ಅದ್ಭುತ.

ಆದರೆ ನಾನು ದಿನಾ ಓಡಿಸುವುದು ಆ ರಸ್ತೆಯಲ್ಲಲ್ಲ. ಡರ್ಬಿಶೈರ್‌ನ ತೇಪೆ ಹಾಕಿದ ರಸ್ತೆಗಳಲ್ಲಿ ಪ್ರತಿಯೊಂದು ಜಲ್ಲಿಯೂ ಅಂಗೈಗೆ ಬರಲು ಶುರುವಾಯಿತು. ಅದನ್ನಾದರೂ ತಡೆದುಕೊಳ್ಳುತ್ತಿದ್ದೆ. ತಡೆಯಲಾಗದ್ದು ಮೊದಲ ಚಳಿಗಾಲದ ನಂತರದ ಕಿರುಗುಟ್ಟುವಿಕೆ. ಇಲ್ಲಿ ಮಂಜು ಕಟ್ಟದಿರಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ನೀರು ಕೊಳವೆಯ ಸುತ್ತ ಇದ್ದ ಗ್ರೀಸನ್ನೆಲ್ಲಾ ತೊಳೆದುಕೊಂಡು ಹೋಯಿತು. ಹಂಪ್ ಮೇಲೆ ನಿಧಾನಕ್ಕೆ ಹತ್ತಿದರೆ ಹಳೇ ಮನೆಯ ಬಾಗಿಲು ತೆರೆದ ಹಾಗೆ ಕೀಂವ್ ಅನ್ನುತ್ತಿತ್ತು. ಮತ್ತೆ ಗ್ರೀಸ್ ಹಾಕಬೇಕೆಂದರೆ ಬೋಲ್ಟ್ ಎಳೆಯಬೇಕು, ಕೊಳವೆ ತೆಗೆಯಬೇಕು, ಆಮೇಲೆ ಅಲೈನ್‌ಮೆಂಟ್ ಪುನಃ ಮಾಡಿಸಬೇಕು. ಒಂದು ಸಲ ಮಾಡಿದೆ, ಸಿಲಿಕೋನ್ ಗ್ರೀಸ್ ಧಾರಾಳವಾಗಿ ಮೆತ್ತಿದೆ. ಹತ್ತು ತಿಂಗಳಿಗೆ ಮತ್ತೆ ಶುರು. ಬುಷ್ ಸವೆದಿರಲಿಲ್ಲ, ತೆಗೆದಾಗಲೂ ಹೊಸದರ ಹಾಗೇ ಇತ್ತು. ಟ್ರ್ಯಾಕಿಗೆ ಹೋಗುವವರು, ಉಪ್ಪು ಕಾಣದ ಊರಿನಲ್ಲಿರುವವರು ಹಾಕಿಕೊಳ್ಳಲಿ, ನಾನು ಬೇಡ ಅನ್ನುವುದಿಲ್ಲ. ನನ್ನ ಬಳಕೆಗೆ ಅದು ಸರಿಹೋಗಲಿಲ್ಲ. ಆಂಟಿ-ರೋಲ್ ಬಾರ್‌ಗೆ ಹಾಕಿದ ಪಾಲಿ ಬುಷ್ ಮಾತ್ರ ಇವತ್ತಿಗೂ ಇದೆ. ಅವುಗಳ ಗ್ರೀಸ್ ಮಾಡಲು ಎರಡೆರಡು ಬೋಲ್ಟ್ ಬಿಚ್ಚಿದರೆ ಸಾಕು, ಅರ್ಧ ಗಂಟೆ ಕೆಲಸ.

ಮೂರನೇ ಸಲ, 2022ರ ಜುಲೈ. 1,09,000 ಮೈಲಿ. ಮುಂದೆ ಹಿಂದೆ ಎಲ್ಲಾ ಆರ್ಮ್‌ಗಳಿಗೂ ಕಂಪನಿ ಅಳತೆಯ ರಬ್ಬರ್ ಬುಷ್. ಸುಮಾರು 400 ಪೌಂಡ್ ಬುಷ್‌ಗಳಿಗೆ, 160 ಪೌಂಡ್ ಹೊಸ ಬೋಲ್ಟುಗಳಿಗೆ, ಕೊನೆಗೆ ಅಲೈನ್‌ಮೆಂಟಿಗೆ 90. ಪ್ರೆಸ್ ಒಬ್ಬ ಗೆಳೆಯನ ಮನೆಯಲ್ಲಿತ್ತು. ಅವನೂ ನಮ್ಮ ಕಡೆಯವನೇ, ಸೊರಬದವನು. ಎರಡು ದಿನದಲ್ಲಿ ಮುಗಿಸೋಣ ಅಂದುಕೊಂಡಿದ್ದು ಆರು ದಿನ ಹಿಡಿಯಿತು. ಬುಷ್‌ನಿಂದಲ್ಲ, ಬೋಲ್ಟ್‌ನಿಂದ.

ಈ ಕಾರಿನಲ್ಲಿ ಕೆಳಗಿನ ಆರ್ಮ್‌ಗಳ ಒಳತುದಿ ಹಿಡಿದಿರುವುದು ಕ್ಯಾಮ್ ಬೋಲ್ಟ್. ಅದರ ಬಿಲ್ಲೆ ನಡುಮಧ್ಯದಿಂದ ಸ್ವಲ್ಪ ಸರಿದು ಕೂತಿರುತ್ತದೆ. ಅದನ್ನು ತಿರುಗಿಸಿದರೆ ಆರ್ಮ್ ಒಳಗೆ ಹೊರಗೆ ಸರಿದು ಚಕ್ರದ ಕೋನ ಬದಲಾಗುತ್ತದೆ. ಅಲೈನ್‌ಮೆಂಟ್ ಅಂದರೆ ಇದೇ. ಇಪ್ಪತ್ತು ಚಳಿಗಾಲದ ಉಪ್ಪು ಕುಡಿದ ಮೇಲೆ, ಹಿಂದಿನ ಆರ್ಮ್‌ಗಳಲ್ಲಿ ಆ ಬೋಲ್ಟ್ ಬುಷ್‌ನ ಕೊಳವೆಯ ಒಳಗೇ ತುಕ್ಕು ಹಿಡಿದು ಒಂದಾಗಿರುತ್ತದೆ. ನಟ್ ಸಲೀಸಾಗಿ ಬರುತ್ತದೆ, ಅದನ್ನು ನೋಡಿ ಸಂತೋಷ ಪಡಬೇಡಿ. ಬೋಲ್ಟ್ ತಿರುಗಿಸಿದರೆ ರಬ್ಬರು ಸಮೇತ ತಿರುಗಿ, ಸ್ಪ್ಯಾನರ್ ಬಿಟ್ಟ ತಕ್ಷಣ ವಾಪಸ್ ಬರುತ್ತದೆ. ನಾಲ್ಕು ದಿನ ತುಕ್ಕು ಬಿಡಿಸುವ ಎಣ್ಣೆ ಹೊಡೆದೆವು. ಸುತ್ತಿಗೆಯಲ್ಲಿ ಹೊಡೆದೆವು. "ಸುಮ್ನೆ ಕೊಯ್ದು ಬಿಡೋಣ ಮಾರಾಯ, ಇದು ಬರೋದಲ್ಲ" ಅಂತ ಅವನು ಮೊದಲ ದಿನವೇ ಹೇಳಿದ್ದ, ನಾನು ಕೇಳಲಿಲ್ಲ. ಕೊನೆಗೆ ಬ್ರ್ಯಾಕೆಟ್ಟಿಗೂ ಆರ್ಮಿಗೂ ನಡುವಿನ ಸಂದಿಯಲ್ಲಿ ಕರೆಂಟಿನ ಗರಗಸ ಇಳಿಸಿ, ಬೋಲ್ಟು ಕೊಳವೆ ಎರಡನ್ನೂ ಒಟ್ಟಿಗೇ ಕೊಯ್ದೆವು. ಎರಡೂ ಕಡೆ. ಹಿಂದಿನ ಹಬ್‌ನ (ಚಕ್ರ ಕೂರುವ ಭಾಗ) ಕೆಳಗೆ ಅಡ್ಡ ಹೋಗುವ ಉದ್ದದ ಬೋಲ್ಟ್ ಒಂದಿದೆ, ಅದು ಎಲ್ಲಕ್ಕಿಂತ ಹಠಮಾರಿ. ಎಡಗಡೆಯದಕ್ಕೇ ಒಂದು ಇಡೀ ಸಂಜೆ, ನಾಲ್ಕು ಬ್ಲೇಡ್.

ಕೊಯ್ದ ತುಂಡೊಂದನ್ನು ಕೈಯಲ್ಲಿ ಹಿಡಿದು ನೋಡಿದೆ. ಹಿಂದಿನ ಆರ್ಮಿನದು, 2001ರಿಂದ ಇದ್ದದ್ದು. ರಬ್ಬರು ಬೇಸಿಗೆಯಲ್ಲಿ ಬಿರಿದ ಕೆರೆಯ ತಳದ ಹಾಗೆ ಚೂರು ಚೂರಾಗಿ ಸೀಳಿತ್ತು. ಉಗುರು ಹಾಕಿದರೆ ಕಪ್ಪು ಪುಡಿ ಉದುರುತ್ತಿತ್ತು. ಕೊಳವೆ ಮತ್ತು ಬೋಲ್ಟಿನ ನಡುವೆ ಕಂದು ತುಕ್ಕಿನ ಒಂದು ಉಂಗುರ, ಎಲ್ಲಿ ಬೋಲ್ಟ್ ಮುಗಿದು ಎಲ್ಲಿ ಕೊಳವೆ ಶುರುವಾಗುತ್ತದೆ ಅಂತ ಗೆರೆಯೇ ಕಾಣುತ್ತಿರಲಿಲ್ಲ. ನನ್ನ ಕಾರು ಇಷ್ಟು ದಿನ ಇದರ ಮೇಲೆ ನಿಂತು ಓಡುತ್ತಿತ್ತಲ್ಲ ಅನ್ನಿಸಿ ಒಂದು ಕ್ಷಣ ಮೈ ಜುಂ ಅಂದಿತು.

ಉಳಿದ ಕೆಲಸ ಚುರುಕಾಗಿ ಹೇಳುತ್ತೇನೆ. ಹಳೇ ಬುಷ್‌ನ ಹೊರ ಬಳೆಯನ್ನು ಹ್ಯಾಕ್ಸಾದಲ್ಲಿ ಒಂದು ಗೆರೆ ಕೊಯ್ದರೆ ಬಿಗಿ ಬಿಡುತ್ತದೆ, ಆಮೇಲೆ ಪ್ರೆಸ್‌ನಲ್ಲಿ ಆಚೆ. ಆರ್ಮ್‌ಗೆ ಗರಗಸ ತಾಗಬಾರದು, ನಿಧಾನ. ಬೆಂಕಿ ಹಚ್ಚಿ ರಬ್ಬರ್ ಸುಡುವವರಿದ್ದಾರೆ, ಆ ಹೊಗೆ ತುಂಬಾ ಕೆಟ್ಟದ್ದು, ದಯವಿಟ್ಟು ಬೇಡ. ಹೊಸ ಬುಷ್‌ಗಳನ್ನು ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿ ಇಟ್ಟಿದ್ದೆ, ತೆಂಗಿನತುರಿ ಡಬ್ಬಿಯ ಪಕ್ಕ. ತಣ್ಣಗಾದ ಲೋಹ ಕೂದಲಷ್ಟು ಕುಗ್ಗುತ್ತದೆ, ಒಳಗೆ ಹೋಗುವುದು ಸುಲಭ. ಬಾಲ್ ಜಾಯಿಂಟ್ (ಆರ್ಮಿಗೂ ಹಬ್‌ಗೂ ನಡುವಿನ ಗುಂಡು ಕೀಲು) ಬಿಡಿಸಲು ಕವಲು ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದರೆ ರಬ್ಬರ್ ಟೋಪಿ ಹರಿಯುತ್ತದೆ, ತಿರುಪಿನ ಎಳೆಯುವ ಸಾಧನ ತೆಗೆದುಕೊಳ್ಳಿ.

ಬಿಗಿಯುವ ಸಮಯಕ್ಕೆ ಮಾವನ ಮಾತು ನೆನಪಿತ್ತು. ಕಾರು ಬಿಚ್ಚುವ ಮೊದಲೇ, ಸಮ ನೆಲದ ಮೇಲೆ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಫೆಂಡರಿನ ಅಂಚಿನ ತನಕ ಅಳೆದು ಪೇಪರ್ ಟೇಪ್ ಮೇಲೆ ಬರೆದು ಅಲ್ಲೇ ಅಂಟಿಸಿದ್ದೆ. ಮುಂದೆ ಎಡ 352 ಮಿ.ಮೀ., ಬಲ 349. ಎಲ್ಲ ಜೋಡಿಸಿ, ಬೋಲ್ಟ್ ಬರಿ ಕೈಬಿಗಿ ಇಟ್ಟು, ಹಬ್ ಕೆಳಗೆ ಜಾಕ್ ಕೊಟ್ಟು ಅದೇ ಅಳತೆ ಬರುವ ತನಕ ಎತ್ತಿ, ಆಮೇಲೆ ಟಾರ್ಕ್ ರೆಂಚ್ ಹಾಕಿದೆವು. ಕಾರು ಗಟ್ಟಿ ಸ್ಟ್ಯಾಂಡ್ ಮೇಲೆ ಇರಬೇಕು, ಬರೀ ಜಾಕ್ ನಂಬಿ ಕೆಳಗೆ ತಲೆ ಹಾಕಬೇಡಿ. ಹೊಸ ಬೋಲ್ಟಿನ ಮೈಗೆಲ್ಲಾ ತಾಮ್ರದ ಗ್ರೀಸ್ ಬಳಿದೆವು, ಮರೆಯದೆ ಎರಡೆರಡು ಸಲ.

ಅಲೈನ್‌ಮೆಂಟ್ ನಾನು ಇಟ್ಟಿರುವುದು ಮುಂದೆ ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲುವ ಕೋನ) ಮೈನಸ್ 1 ಡಿಗ್ರಿ, ಹಿಂದೆ ಮೈನಸ್ 1.5, ಕ್ಯಾಸ್ಟರ್ (ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲುವ ಕೋನ) 5, ಹಿಂದಿನ ಚಕ್ರ ಸ್ವಲ್ಪವೇ ಸ್ವಲ್ಪ ಒಳಮುಖ. ಅಲೈನ್‌ಮೆಂಟ್ ಮಾಡಿಸಿದಲ್ಲಿಂದ ಮನೆಗೆ ಬರುವ ಎಂಟು ಮೈಲಿಯಲ್ಲಿ ನಾನು ರೇಡಿಯೋ ಹಾಕಲಿಲ್ಲ. ಕಾರು ನೇರ ಹೋಗುತ್ತಿತ್ತು. ಗುಂಡಿಯಲ್ಲಿ ಸದ್ದು ಮೆತ್ತಗೆ 'ಧುಬ್' ಅಂದು ಅಲ್ಲೇ ಮುಗಿಯುತ್ತಿತ್ತು. ತಿರುವಿನ ನಡುವೆ ಕಾಲು ಎತ್ತಿದರೆ ಹಿಂಭಾಗ ಮೊದಲಿನ ಹಾಗೆ ಒಂದು ಹೆಜ್ಜೆ ಪಕ್ಕಕ್ಕೆ ಇಡುವುದು ನಿಂತಿತ್ತು. ಪಾಲಿಯಷ್ಟು ಚೂಪು ಇಲ್ಲ, ನಿಜ. ಆದರೆ ಸ್ಟೀರಿಂಗಿನಲ್ಲಿ ಬೇಕಾದ ಸುದ್ದಿ ಬರುತ್ತದೆ, ಬೇಡದ್ದು ಬರುವುದಿಲ್ಲ. ಈ ಕಾರನ್ನು ಮಾಡಿದವರು ಇದೇ ರಬ್ಬರಿನ ಮೇಲೆ ಓಡಿಸಿ ನೋಡಿ ಮಾಡಿದ್ದು ಅಲ್ವಾ, ಅದು ಗೊತ್ತಾಗುತ್ತದೆ.

ಆಮೇಲೆ 22,000 ಮೈಲಿ, ಮೂರು ಚಳಿಗಾಲ ಆಗಿದೆ. ರಬ್ಬರು ಎಲ್ಲೂ ಬಿರಿದಿಲ್ಲ, ಸದ್ದಿಲ್ಲ. ಟೈರು ಅಗಲಕ್ಕೂ ಸಮನಾಗಿ ಸವೆಯುತ್ತಿದೆ. ಎಂಒಟಿ ಕಾಗದದಲ್ಲಿ ಬುಷ್ ಅನ್ನುವ ಪದ ಮತ್ತೆ ಬಂದಿಲ್ಲ.

ಮಾಡಿಸುವವರಿಗೆ ಒಂದು ಮಾತು. ಬುಷ್‌ಗೆ ದುಡ್ಡು ಸುರಿಯುವ ಮೊದಲು ಈ ಎರಡನೇ ತಲೆಮಾರಿನ ಕಾರಿನ ಮುಂದಿನ ಚಾಸಿ ಲೆಗ್ (ಎಂಜಿನ್ನಿನ ಎರಡೂ ಪಕ್ಕದ ಉದ್ದನೆಯ ತೊಲೆ) ಮತ್ತು ಬಾಗಿಲ ಕೆಳಗಿನ ಸಿಲ್ ತುಕ್ಕು ಹಿಡಿದಿದೆಯೇ ನೋಡಿಸಿ. ಅವು ಒಳಗಿನಿಂದ ಕೊಳೆಯುತ್ತವೆ, ಹೊರಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಅದು ಸರಿ ಇದ್ದರೆ, ಬುಷ್ ಜೊತೆಗೇ ಕ್ಯಾಮ್ ಬೋಲ್ಟ್ ಪೂರ್ತಿ ಸೆಟ್ ತರಿಸಿ ಇಟ್ಟುಕೊಳ್ಳಿ, ಹಳೇದು ಬಂದರೆ ನೋಡೋಣ ಅಂತ ಕಾಯಬೇಡಿ. ಗ್ಯಾರೇಜಿಗೆ ಕೊಡುವುದಾದರೆ ಮಾವ ಕೇಳಿದ ಪ್ರಶ್ನೆಯನ್ನು ಕೆಲಸ ಶುರುವಾಗುವ ಮೊದಲೇ ಕೇಳಿ.

ಈ ಏಪ್ರಿಲ್‌ನಲ್ಲಿ ಅಲೈನ್‌ಮೆಂಟ್ ಪರೀಕ್ಷೆಗೆ ಹೋಗಿದ್ದೆ. ಹಿಂದೆ ಬಲಗಡೆ ಒಂಚೂರು ಸರಿಪಡಿಸಬೇಕಿತ್ತು. ಅಲ್ಲಿನ ಹುಡುಗ ಉದ್ದದ ಸ್ಪ್ಯಾನರ್ ಹಿಡಿದು, ಕಾಲೂರಿ, ಉಸಿರು ಕಟ್ಟಿ ತಯಾರಾಗಿ ನಿಂತ. ನಟ್ ಸಡಿಲಿಸಿ ಬೋಲ್ಟ್‌ಗೆ ಕೈ ಹಾಕಿದ. ಒಂದೇ ಕೈಯಲ್ಲಿ ತಿರುಗಿತು.